ಲಾಭ, ಎರಡು, ಮೂರು

ಬೆಳಗಿನ ಐದೂವರೆ. ಮೈಲಾಪೂರಿನ ಕಪಾಲೀಶ್ವರ ದೇವಸ್ಥಾನದ ಪಶ್ಚಿಮಕ್ಕಿರುವ ಕೊಳದ ಬದಿಯಲ್ಲಿ ಕೂತು ಉಸಿರು ಎಣಿಸುತ್ತಿದ್ದೆ. ಒಂದು. ಎರಡು. ಮೂರು. ನಾಲ್ಕಕ್ಕೆ ಬರುವಷ್ಟರಲ್ಲಿ ಮಾಡ ಬೀದಿಯ ಯಾವುದೋ ಅಂಗಡಿಯಿಂದ ಡಿಕಾಕ್ಷನ್ ವಾಸನೆ ಬಂತು. ವಾಸನೆಯ ಹಿಂದೆ ಕಾಫಿ, ಕಾಫಿಯ ಹಿಂದೆ ಹಾಲಿನವನಿಗೆ ಕೊಡಬೇಕಾದ ಬಾಕಿ, ಬಾಕಿಯ ಹಿಂದೆ ಊರಿನಲ್ಲಿ ಬಿಟ್ಟುಬಂದ ಮನೆಯ ಸೋರುವ ಹೆಂಚು. ಎಚ್ಚರವಾದಾಗ ಮನಸ್ಸಿನೊಳಗೆ ಹದಿನೇಳೋ ಹದಿನೆಂಟೋ ಓಡುತ್ತಿತ್ತು. ಎಣಿಕೆ ತನ್ನ ಪಾಡಿಗೆ ನಡೆದಿತ್ತು. ಎಣಿಸುವವನು ಊರಿಗೆ ಹೋಗಿಬಂದಿದ್ದ.

‘ಧ್ಯಾನ ನನಗೆ ಆಗಿಬರುವುದಿಲ್ಲ’ ಎನ್ನುವವರನ್ನು ಕೂರಿಸಿ ಕೇಳಿ, ಎಲ್ಲರೂ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಎರಡು ದಿನ ಕೂತೆ, ಮನಸ್ಸು ನಿಲ್ಲಲಿಲ್ಲ, ಬಿಟ್ಟೆ. ಶಾಂತಿ ಸಿಗುತ್ತದೆ ಎಂದು ಹೋದವರಿಗೆ ಸಿಕ್ಕಿದ್ದು ತಮ್ಮದೇ ತಲೆಯ ಗದ್ದಲ. ಈ ಅಧ್ಯಾಯ ಆ ಗದ್ದಲದ್ದು. ಮೈಲಾಪೂರಿನಿಂದ ಶುರುಮಾಡುವುದಕ್ಕೆ ನನಗೊಂದು ಕಾರಣವಿದೆ. ಉಸಿರು ಎಣಿಸುವುದು ಹೇಗೆ, ಎಣಿಕೆ ಎಲ್ಲಿ ತಪ್ಪುತ್ತದೆ, ತಪ್ಪಿದರೆ ಏನು ಮಾಡಬೇಕು ಎಂದು ಅತ್ಯಂತ ವಿವರವಾಗಿ ಬರೆದಿಟ್ಟ ಮನುಷ್ಯ ಕೆಲಕಾಲ ಇಲ್ಲಿಯೇ ಇದ್ದಿರಬಹುದು.

ಅವನ ಹೆಸರು ಬುದ್ಧಘೋಷ. 5ನೇ ಶತಮಾನದಲ್ಲಿ ಸಿಂಹಳದ ಅನುರಾಧಪುರದ ಮಹಾವಿಹಾರದಲ್ಲಿ ಕೂತು ಪಾಲಿ ಭಾಷೆಯಲ್ಲಿ ‘ವಿಸುದ್ಧಿಮಗ್ಗ’ ಎಂಬ ಬೃಹದ್ಗ್ರಂಥ ಬರೆದವನು. ಮಜ್ಝಿಮನಿಕಾಯಕ್ಕೆ ಅವನು ಬರೆದ ‘ಪಪಂಚಸೂದನಿ’ ವ್ಯಾಖ್ಯಾನದ ಕೊನೆಯಲ್ಲಿ ಒಂದು ಸಣ್ಣ ಮಾಹಿತಿ ಇದೆ: ಹಿಂದೆ ಮಯೂರಪಟ್ಟಣದಲ್ಲಿ ತನ್ನ ಜೊತೆಗಿದ್ದ ಬುದ್ಧಮಿತ್ತ ಎಂಬ ಭಿಕ್ಷು ಕೇಳಿಕೊಂಡದ್ದರಿಂದ ಇದನ್ನು ಬರೆದೆ ಎಂದು. ಈ ಮಯೂರಪಟ್ಟಣವೇ ಮೈಲಾಪೂರ್ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಎಲ್ಲರೂ ಒಪ್ಪಿದ ಮಾತೇನಲ್ಲ. ಆದರೆ ಮಯಿಲ್ ಎಂದರೆ ನವಿಲು. ಪಾರ್ವತಿ ನವಿಲಾಗಿ ತಪಸ್ಸು ಮಾಡಿದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಇನ್ನೊಂದು ವ್ಯಾಖ್ಯಾನಕ್ಕೆ ಕಾಂಚೀಪುರದಲ್ಲಿ ಜೊತೆಗಿದ್ದ ಭಿಕ್ಷು ಕಾರಣ ಎಂದೂ ಅವನೇ ಹೇಳಿಕೊಂಡಿರುವುದರಿಂದ, ಈ ಸೀಮೆಯಲ್ಲಿ ಅವನ ಓಡಾಟವಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಇಂದಿನ ಮೈಲಾಪೂರಿನಲ್ಲಿ ಬೌದ್ಧ ವಿಹಾರದ ಕುರುಹು ಹುಡುಕಿಕೊಂಡು ಹೋದರೆ ಕಾಲು ನೋಯುತ್ತದೆಯೇ ಹೊರತು ಬೇರೇನೂ ಸಿಗುವುದಿಲ್ಲ. ಈ ಊರಿನ ಮೇಲೆ ಹಾಡಿದ ಶೈವ ಸಂತ ಸಂಬಂಧರ್ ತಮ್ಮ ಪದಿಗಗಳಲ್ಲಿ ಬೌದ್ಧರನ್ನೂ ಜೈನರನ್ನೂ ತಪ್ಪದೆ ಚುಚ್ಚುತ್ತಾರೆ. ಚುಚ್ಚಬೇಕೆಂದರೆ ಎದುರಿಗೆ ಯಾರಾದರೂ ಇದ್ದಿರಬೇಕಲ್ಲ! ಈಗ ಬುದ್ಧನನ್ನು ನೋಡಬೇಕಾದರೆ ಎಗ್ಮೋರಿನ ಸರ್ಕಾರಿ ಮ್ಯೂಸಿಯಂಗೆ ಹೋಗಿ ಅಮರಾವತಿಯ ಶಿಲ್ಪಗಳನ್ನೂ ನಾಗಪಟ್ಟಣದ ಕಂಚಿನ ಮೂರ್ತಿಗಳನ್ನೂ ನೋಡಬೇಕು. ಇಲ್ಲವೇ ಅಡ್ಯಾರ್ ನದಿ ದಾಟಿ ಥಿಯೊಸಾಫಿಕಲ್ ಸೊಸೈಟಿಯ ತೋಟದಲ್ಲಿರುವ ಪುಟ್ಟ ಬುದ್ಧಮಂದಿರದ ಮುಂದೆ, ತಾವರೆ ಕೊಳದ ಪಕ್ಕ ಕೂರಬೇಕು.

ನಾನು ಮಾಡುತ್ತಿದ್ದ ಅಭ್ಯಾಸಕ್ಕೆ ಪಾಲಿಯಲ್ಲಿ ‘ಆನಾಪಾನಸತಿ’ ಎಂದು ಹೆಸರು. ಮನೆಯಲ್ಲಿ ಈ ಮಾತು ಹೇಳಿದಾಗ ‘ಸತಿ ಯಾರು?’ ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಆನ ಎಂದರೆ ಒಳಗೆ ಎಳೆದುಕೊಂಡ ಉಸಿರು, ಅಪಾನ ಎಂದರೆ ಹೊರಗೆ ಬಿಟ್ಟದ್ದು; ಸತಿ ಎಂಬುದು ಸಂಸ್ಕೃತದ ಸ್ಮೃತಿ, ನಮ್ಮ ನೆನಪು. ಇಂಗ್ಲಿಷಿನಿಂದ ಬಂದ ‘ಮೈಂಡ್‌ಫುಲ್‌ನೆಸ್’ ಎಂಬ ಪದ ಈಗ ಆಫೀಸಿನ ತರಬೇತಿಗಳಲ್ಲೂ ಮೊಬೈಲ್ ಆ್ಯಪ್‌ಗಳಲ್ಲೂ ಸವೆದುಹೋಗಿದೆ. ‘ನೆನಪು’ ಎಂದುಕೊಂಡರೆ ವಿಷಯ ಥಟ್ಟನೆ ತಿಳಿಯುತ್ತದೆ. ಉಸಿರು ಹೇಗೂ ಇರುತ್ತದೆ. ಅದನ್ನು ನೋಡಲೆಂದು ಕೂತಿದ್ದೇನೆ ಎಂಬುದು ನೆನಪಿರಬೇಕು, ಅಷ್ಟೆ. ನಾನು ಮರೆತದ್ದೂ ಅದನ್ನೇ.

ಹೊಸಬರು ಹೇಗೆ ಎಣಿಸಬೇಕು ಎಂಬುದಕ್ಕೆ ಬುದ್ಧಘೋಷ ಕೊಡುವ ಹೋಲಿಕೆ ಓದಿದಾಗ ನಾನು ಪುಸ್ತಕ ಮಡಚಿಟ್ಟು ನಕ್ಕೆ. ಧಾನ್ಯ ಅಳೆಯುವವನಂತೆ ಎಣಿಸು ಎನ್ನುತ್ತಾನೆ. ಅಳೆಯುವವನು ಮಾಪು ತುಂಬಿಸುತ್ತ ‘ಒಂದು’ ಎಂದು ಸುರಿಯುತ್ತಾನೆ. ಮತ್ತೆ ತುಂಬಿಸುವಾಗ ಕಂಡ ಕಸಕಡ್ಡಿ ಆರಿಸಿ ಎಸೆಯುತ್ತ ‘ಒಂದು, ಒಂದು’ ಎನ್ನುತ್ತಲೇ ಇರುತ್ತಾನೆ, ಎರಡನೆಯದು ಬರುವವರೆಗೂ. ನಮ್ಮೂರ ಕಣದಲ್ಲಿ ಅಜ್ಜ ಭತ್ತ ಅಳೆಯುತ್ತಿದ್ದುದು ಥೇಟು ಹೀಗೆಯೇ. ಒಂದೇ ವ್ಯತ್ಯಾಸವೆಂದರೆ, ಮೊದಲ ಕೊಳಗಕ್ಕೆ ಅವರು ‘ಒಂದು’ ಎನ್ನುತ್ತಿರಲಿಲ್ಲ. ‘ಲಾಭ’ ಎನ್ನುತ್ತಿದ್ದರು. ‘ಲಾಭ, ಲಾಭ, ಲಾಭ’ ಎಂದು ಕೊಳಗದ ಬಾಯಿ ಸವರಿ ಚೀಲಕ್ಕೆ ಸುರಿದು, ಆಮೇಲೆ ‘ಎರಡು, ಎರಡು’. ನಡುವೆ ಯಾರಾದರೂ ಮಾತಾಡಿಸಿದರೆ ಅವರ ಕಣ್ಣು ಮಾತ್ರ ತಿರುಗುತ್ತಿತ್ತು, ಬಾಯಲ್ಲಿ ಅಂಕಿ ನಿಲ್ಲುತ್ತಿರಲಿಲ್ಲ. ಅಂಕಿ ತಪ್ಪಿದರೆ ಚೀಲ ಬರಿದುಮಾಡಿ ಮತ್ತೆ ಲಾಭದಿಂದಲೇ ಆಗಬೇಕು.

ಆದ್ದರಿಂದ, ಶುರುಮಾಡುವವರಿಗೆ: ಬೆನ್ನು ನೆಟ್ಟಗಾಗುವಂತೆ ಕೂರಿ. ನೆಲದ ಮೇಲೇ ಆಗಬೇಕೆಂದಿಲ್ಲ. ಮಂಡಿನೋವಿದ್ದವರಿಗೆ ಕುರ್ಚಿ ಸಾಕು. ಉಸಿರನ್ನು ಎಳೆದು ಬಿಗಿದು ಏನೂ ಮಾಡಬೇಡಿ. ಮೂಗಿನ ತುದಿಯಲ್ಲೋ ಮೇಲ್ದುಟಿಯ ಮೇಲೋ ಅದು ತಾಗುವ ಜಾಗ ಸಿಕ್ಕರೆ ಅಲ್ಲಿ ಗಮನವಿಡಿ. ಒಂದು ಉಸಿರು ಬಂದು ಹೋಗುವಷ್ಟು ಹೊತ್ತೂ ಮನಸ್ಸಿನಲ್ಲಿ ‘ಲಾಭ’; ಮುಂದಿನದಕ್ಕೆ ‘ಎರಡು’. ಎಲ್ಲಿಗೆ ನಿಲ್ಲಿಸಬೇಕು? ಐದಕ್ಕೆ ಮೊದಲು ಬೇಡ, ಹತ್ತನ್ನು ದಾಟುವುದೂ ಬೇಡ ಎನ್ನುತ್ತಾನೆ ಬುದ್ಧಘೋಷ. ಕಾರಣ ಚೆನ್ನಾಗಿದೆ. ಐದಕ್ಕಿಂತ ಕಡಿಮೆಯಾದರೆ ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ದನ ತುಂಬಿದಂತೆ ಮನಸ್ಸು ಕೊಸರಾಡುತ್ತದೆ. ಹತ್ತು ದಾಟಿದರೆ ಮನಸ್ಸು ಉಸಿರನ್ನು ಬಿಟ್ಟು ಅಂಕಿಗೆ ಜೋತುಬೀಳುತ್ತದೆ. ಕೊಳದ ಬದಿಯಲ್ಲಿ ನನಗಾದದ್ದು ಎರಡನೆಯದು.

*

ಎಣಿಸುವಾಗ ದೇಹದೊಳಗೆ ಏನಾಗುತ್ತದೆ? ಒಂದು ಸಣ್ಣ ಪ್ರಯೋಗ ಈಗಲೇ ಮಾಡಿನೋಡಬಹುದು. ಎಡ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆದುಕೊಳ್ಳಿ, ಇನ್ನೂ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ಸ್ವಲ್ಪ ಚುರುಕಾಗಿ, ಬಿಡುವಾಗ ಮಂದವಾಗುವುದು ಬಹಳ ಜನರಿಗೆ ಗೊತ್ತಾಗುತ್ತದೆ. ಎಳೆಯರಲ್ಲಿ ಇನ್ನೂ ಸ್ಪಷ್ಟ. ಗಾಬರಿ ಬೇಡ, ಇದು ಆರೋಗ್ಯದ ಲಕ್ಷಣ.

ಮೆದುಳಿನ ಬುಡದಿಂದ ಹೊರಟು ಕುತ್ತಿಗೆ ಇಳಿದು ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಹೋಗುವ ವೇಗಸ್ ಎಂಬ ನರವೊಂದಿದೆ. ಹೆಸರು ಕೇಳಿ ವೇಗ ಹೆಚ್ಚಿಸುತ್ತದೆ ಎಂದುಕೊಳ್ಳಬೇಡಿ, ಅದರ ಕೆಲಸ ತದ್ವಿರುದ್ಧ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಅಲೆಮಾರಿ ಎಂದರ್ಥ. ಹೃದಯದ ಮಟ್ಟಿಗೆ ಅದು ಬ್ರೇಕು. ಉಸಿರೆಳೆದುಕೊಳ್ಳುವಾಗ ಬ್ರೇಕು ಸಡಿಲವಾಗುತ್ತದೆ, ಹೃದಯ ಓಡುತ್ತದೆ. ಬಿಡುವಾಗ ಬ್ರೇಕು ಬೀಳುತ್ತದೆ: ನರದ ತುದಿಯಲ್ಲಿ ಅಸಿಟೈಲ್‌ಕೋಲೀನ್ ಒಸರಿ, ಹೃದಯದ ಬಡಿತ ಶುರುವಾಗುವ ಜಾಗವನ್ನೇ ನಿಧಾನಗೊಳಿಸುತ್ತದೆ. ಬಿಡುವ ಉಸಿರು ಉದ್ದವಾದಷ್ಟೂ ಬ್ರೇಕಿನ ಮೇಲೆ ಕಾಲು ಹೆಚ್ಚು ಹೊತ್ತು. ದೊಡ್ಡ ಸುದ್ದಿ ಕೇಳಿ ಕುಸಿದವರಿಗೆ ಹಿರಿಯರು ‘ಉಸಿರು ಬಿಡಪ್ಪಾ’ ಎನ್ನುತ್ತಾರಲ್ಲ, ‘ಉಸಿರು ಎಳಕೋ’ ಎನ್ನುವುದಿಲ್ಲ. ಅವರಿಗೆ ಈ ನರದ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ ಸುಮಾರು 12ರಿಂದ 18 ಸಲ ಉಸಿರಾಡುತ್ತಾರೆ. ಎಣಿಸುತ್ತ ಕೂತಾಗ, ಯಾರೂ ಹೇಳದಿದ್ದರೂ ಇದು ಇಳಿಯತೊಡಗುತ್ತದೆ. ನಿಮಿಷಕ್ಕೆ ಆರರ ಹತ್ತಿರ ಬಂದಾಗ ಒಂದು ಚಂದದ ಹೊಂದಾಣಿಕೆ ಕಾಣಿಸಿಕೊಳ್ಳುತ್ತದೆ. ನಮ್ಮ ರಕ್ತದೊತ್ತಡದಲ್ಲಿ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಅಲೆಯೊಂದು ಮೊದಲೇ ಇದೆ. ಉಸಿರೂ ಹತ್ತು ಸೆಕೆಂಡಿಗೊಂದು ಆದಾಗ ಎರಡೂ ಒಂದೇ ತಾಳಕ್ಕೆ ಬಿದ್ದು, ಹೃದಯದ ಗತಿಯ ಏರಿಳಿತ ದೊಡ್ಡದಾಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ.

2001ರಲ್ಲಿ ಇಟಲಿಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. 23 ಮಂದಿ ಆರೋಗ್ಯವಂತರಿಂದ ಒಮ್ಮೆ ಲ್ಯಾಟಿನ್ನಿನಲ್ಲಿ ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನೂ, ಇನ್ನೊಮ್ಮೆ ಟಿಬೆಟನ್ ಬೌದ್ಧರ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿ ಅವರು ಉಸಿರು, ಹೃದಯ, ರಕ್ತದೊತ್ತಡ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಬಂದು ನಿಂತಿತು. ಮೈಲಾಪೂರಿನ ಕೊಳದಿಂದ ಪೂರ್ವಕ್ಕೆ, ಕಡಲ ಕಡೆ ನಡೆದರೆ ಸಾಂತೋಮ್ ಬೆಸಿಲಿಕಾ ಸಿಗುತ್ತದೆ. ಅಲ್ಲಿ ಮುದುಕಿಯರು ಜಪಸರ ತಿರುಗಿಸುತ್ತ ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಬೈಲಕುಪ್ಪೆಯ ಟಿಬೆಟನ್ ಅಜ್ಜಿಯರು ಕಣ್ಣಿಗೆ ಬರುತ್ತಾರೆ. ದೇವರು ಬೇರೆ, ಭಾಷೆ ಬೇರೆ, ಬೆರಳಿನ ಚಲನೆ ಒಂದೇ. ಎದೆಯೊಳಗಿನ ತಾಳವೂ ಒಂದೇ ಎಂದು ಬರ್ನಾರ್ಡಿಯ ಗ್ರಾಫುಗಳು ಹೇಳುತ್ತವೆ.

ಉಸಿರಿಗೂ ಮನಸ್ಸಿನ ಕಳವಳಕ್ಕೂ ಇರುವ ತಂತಿ ಇನ್ನೂ ಒಳಗಿದೆ. ಮೆದುಳಿನ ಬುಡದಲ್ಲಿ ಕೆಲವೇ ಸಾವಿರ ನರಕೋಶಗಳ ಒಂದು ಗುಂಪು ಉಸಿರಿನ ಲಯ ಹುಟ್ಟಿಸುತ್ತದೆ. 1991ರಲ್ಲಿ ಜ್ಯಾಕ್ ಫೆಲ್ಡ್‌ಮನ್ ತಂಡ ಗುರುತಿಸಿದ ಈ ಗುಂಪಿಗೆ ಪ್ರಿ-ಬೋಟ್ಜಿಂಗರ್ ಎಂದು ಹೆಸರು. 2017ರಲ್ಲಿ ಸ್ಟ್ಯಾನ್‌ಫರ್ಡಿನ ಮಾರ್ಕ್ ಕ್ರಾಸ್ನೋ ಮತ್ತು ಕೆವಿನ್ ಯ್ಯಾಕಲ್ ತಂಡ ಅದರೊಳಗೇ ಸುಮಾರು 175 ನರಕೋಶಗಳ ಚಿಕ್ಕ ಉಪಗುಂಪನ್ನು ಇಲಿಗಳಲ್ಲಿ ಕಂಡುಹಿಡಿಯಿತು. ಅವನ್ನು ತೆಗೆದುಹಾಕಿದರೂ ಇಲಿಗಳ ಉಸಿರಾಟ ಬಹುತೇಕ ಮಾಮೂಲಾಗಿಯೇ ನಡೆಯಿತು. ಆದರೆ ಇಲಿಗಳು ವಿಪರೀತ ಶಾಂತವಾಗಿಬಿಟ್ಟವು. ಹೊಸ ಪಂಜರದಲ್ಲಿ ಬಿಟ್ಟರೆ ಮೂಸುತ್ತ ಓಡಾಡಬೇಕಾದ ಪ್ರಾಣಿಗಳು ಸಾಧುಗಳಂತೆ ಕೂತವು. ಆ ಕೋಶಗಳು ಉಸಿರಿನ ಸುದ್ದಿಯನ್ನು ಲೋಕಸ್ ಸೆರುಲಿಯಸ್ ಎಂಬ ಇನ್ನೊಂದು ಕೇಂದ್ರಕ್ಕೆ ಮುಟ್ಟಿಸುತ್ತವೆ; ಇಡೀ ಮೆದುಳನ್ನು ಎಚ್ಚರಿಸುವ ಗಂಟೆ ಇರುವುದು ಅಲ್ಲಿ. ಉಸಿರು ಚಡಪಡಿಸಿದರೆ ಗಂಟೆ ಜೋರಾಗಿ ಬಾರಿಸುತ್ತದೆ. ಇಲಿಯಲ್ಲಿ ಕಂಡದ್ದನ್ನು ಇಡಿಯಾಗಿ ಮನುಷ್ಯನಿಗೆ ಹೊಲಿಯುವ ಆತುರ ನನಗಿಲ್ಲ. ಆದರೂ ನಿಧಾನ ಉಸಿರಿಗೆ ಮನಸ್ಸು ಯಾಕೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಕಲ್ಪನೆಯ ಬದಲು ಒಂದು ದಾರಿಯಾದರೂ ಈಗ ಕಾಣುತ್ತಿದೆ.

*

ಇಷ್ಟು ದೇಹದ ಮಾತಾಯಿತು. ನನ್ನ ಎಣಿಕೆ ತಪ್ಪಿದ್ದು ಮನಸ್ಸಿನ ಮಾತು.

ಮೆದುಳಿನ ತೂಕ ದೇಹದ ಶೇಕಡ 2ರಷ್ಟು. ಅದು ನುಂಗುವ ಶಕ್ತಿ ಶೇಕಡ 20. ಕೆಲಸ ಮಾಡುವಾಗ ಹೆಚ್ಚು, ಸುಮ್ಮನಿರುವಾಗ ಕಡಿಮೆ ಖರ್ಚಾಗಬೇಕು ಎಂದು ಯಾರಾದರೂ ಊಹಿಸುತ್ತಾರೆ. ವ್ಯತ್ಯಾಸ ನೋಡಿದರೆ ತೀರಾ ಅಲ್ಪ. 2001ರಲ್ಲಿ ಅಮೆರಿಕದ ಮಾರ್ಕಸ್ ರೈಕಲ್ ತಂಡ, ಮನುಷ್ಯ ಸುಮ್ಮನಿದ್ದಾಗಲೇ ಹೆಚ್ಚು ಚಟುವಟಿಕೆಯಿಂದಿರುವ ಮೆದುಳಿನ ಭಾಗಗಳನ್ನು ವಿವರಿಸಿತು. ಅದಕ್ಕೀಗ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಎಂಬ ಹೆಸರಿದೆ. ನಿನ್ನೆಯ ಮಾತು, ನಾಳೆಯ ಭಯ, ಅವರು ನನ್ನ ಬಗ್ಗೆ ಏನೆಂದುಕೊಂಡರೋ ಎಂಬ ಲೆಕ್ಕಾಚಾರಗಳೆಲ್ಲ ಅಲ್ಲಿ ಹೊಸೆಯಲ್ಪಡುತ್ತವೆ. ಹಾಲಿನವನ ಬಾಕಿ, ಸೋರುವ ಹೆಂಚು ಎರಡೂ ಅಲ್ಲಿಂದಲೇ ಬಂದವು.

ಎಷ್ಟು ಹೊತ್ತು ನಾವು ಹೀಗೆ ಅಲೆಯುತ್ತೇವೆ? 2010ರಲ್ಲಿ ಹಾರ್ವರ್ಡಿನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಮಂದಿಯ ಫೋನುಗಳಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಸಂತೋಷವಾಗಿದ್ದೀರಾ? ಬಂದ ಉತ್ತರಗಳಲ್ಲಿ ಶೇಕಡ 46.9ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿರಲಿಲ್ಲ. ಅಲೆಯುತ್ತಿದ್ದಾಗ ಜನ ಸರಾಸರಿಯಲ್ಲಿ ಕಡಿಮೆ ಸಂತೋಷವಾಗಿದ್ದರು. ಇನ್ನೊಂದು ಪ್ರಯೋಗ ತಮಾಷೆಯೂ ಹೌದು, ಸಂಕಟವೂ ಹೌದು. 2014ರಲ್ಲಿ ಟಿಮೊಥಿ ವಿಲ್ಸನ್ ತಂಡ ಜನರನ್ನು ಖಾಲಿ ಕೋಣೆಯಲ್ಲಿ ಒಬ್ಬೊಬ್ಬರನ್ನೇ 15 ನಿಮಿಷ ಕೂರಿಸಿತು. ಫೋನಿಲ್ಲ, ಪುಸ್ತಕವಿಲ್ಲ, ಒತ್ತಿದರೆ ಕರೆಂಟು ಹೊಡೆಯುವ ಒಂದು ಬಟನ್ ಮಾತ್ರ ಇತ್ತು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಕನಿಷ್ಠ ಒಂದು ಸಲ ತಮಗೆ ತಾವೇ ಶಾಕ್ ಕೊಟ್ಟುಕೊಂಡರು. ಸುಮ್ಮನೆ ಕೂರುವುದಕ್ಕಿಂತ ಅದೇ ವಾಸಿ ಎನಿಸಿರಬೇಕು. ಗಂಡಸರ ವಿಷಯದಲ್ಲಿ ನನ್ನ ಮನೆಯವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಹೀಗಿರುವಾಗ ಕಣ್ಣು ಮುಚ್ಚಿದ ಕೂಡಲೇ ಮನಸ್ಸು ನಿಲ್ಲಬೇಕು ಎಂದು ಬಯಸುವುದೇ ಅತಿಯಾಸೆ. ಹಾಗಾದರೆ ಅಭ್ಯಾಸದಲ್ಲಿ ಆಗುವುದೇನು? ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ವೆಂಡಿ ಹಾಸೆನ್‌ಕ್ಯಾಂಪ್ 2012ರಲ್ಲಿ ಪ್ರಕಟಿಸಿದ ಕೆಲಸ ಈ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ. ಧ್ಯಾನ ರೂಢಿಯಿದ್ದ 14 ಮಂದಿ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿ ಉಸಿರಿನ ಮೇಲೆ ಗಮನವಿಟ್ಟರು. ಮನಸ್ಸು ಅಲೆದದ್ದು ಗೊತ್ತಾದ ಕ್ಷಣ ಬಟನ್ ಒತ್ತಿ ಮತ್ತೆ ಉಸಿರಿಗೆ ಮರಳಬೇಕು. ಆ ಒತ್ತಿನ ಹಿಂದುಮುಂದಿನ ಸೆಕೆಂಡುಗಳನ್ನು ಬಿಡಿಸಿ ನೋಡಿದಾಗ ಒಂದು ಚಕ್ರ ಕಾಣಿಸಿತು. ಅಲೆಯುವಾಗ ಡಿಫಾಲ್ಟ್ ಜಾಲ ಮುಂದು. ‘ಅಯ್ಯೋ, ಎಲ್ಲಿಗೆ ಬಂದೆ!’ ಎಂಬ ಅರಿವಿನ ಕ್ಷಣದಲ್ಲಿ ಗಮನಾರ್ಹವಾದದ್ದನ್ನು ಹೆಕ್ಕುವ ಬೇರೊಂದು ಜಾಲ ಎದ್ದೇಳುತ್ತದೆ. ಗಮನವನ್ನು ವಾಪಸು ತರುವಾಗಲೂ ಹಿಡಿದಿಡುವಾಗಲೂ ಹಣೆಯ ಹಿಂದಿನ, ನಿರ್ಧಾರ ಮಾಡುವ ಭಾಗಗಳು ದುಡಿಯುತ್ತವೆ. ಮತ್ತೆ ಅಲೆತ, ಮತ್ತೆ ಅರಿವು.

ಅಂದರೆ ನಾನು ಸೋಲು ಎಂದುಕೊಂಡ ಕ್ಷಣದಲ್ಲಿ, ಹದಿನೇಳರಲ್ಲಿ ಎಚ್ಚೆತ್ತ ಆ ಕ್ಷಣದಲ್ಲಿ, ವ್ಯಾಯಾಮದ ನಿಜವಾದ ಭಾರ ಎದ್ದಿತ್ತು. ಗರಡಿಮನೆಯಲ್ಲಿ ಕಲ್ಲುಗುಂಡು ಎತ್ತಿದ್ದಷ್ಟೇ ಲೆಕ್ಕ. ನೆಲದ ಮೇಲಿದ್ದ ಗುಂಡಿನ ಬಗ್ಗೆ ಯಾರೂ ಬೇಸರಪಡುವುದಿಲ್ಲ. ಐದು ನಿಮಿಷದಲ್ಲಿ ಇಪ್ಪತ್ತು ಸಲ ಎಣಿಕೆ ತಪ್ಪಿ ಇಪ್ಪತ್ತು ಸಲವೂ ‘ಲಾಭ’ಕ್ಕೆ ಮರಳಿದವರು ಇಪ್ಪತ್ತು ಸಲ ಗುಂಡು ಎತ್ತಿದರು. ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳಿದರೆ ಬಿಟ್ಟು ಓಡುವವರ ಸಂಖ್ಯೆ ತಗ್ಗೀತು ಎಂಬುದು ನನ್ನ ನಂಬಿಕೆ. ಬಹಳ ಕಡೆ ಹೇಳುವುದಿಲ್ಲ. ಬದಲಿಗೆ ‘ಮನಸ್ಸನ್ನು ಖಾಲಿ ಮಾಡಿ’ ಎನ್ನುತ್ತಾರೆ, ಅದೇನು ನೀರಿನ ಡ್ರಮ್ಮೋ ಎಂಬಂತೆ.

ಬುದ್ಧಘೋಷನ ಎಣಿಕೆ ಪ್ರಯೋಗಾಲಯವನ್ನೂ ಹೊಕ್ಕಿದೆ. 2014ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇನಿಯಲ್ ಲೆವಿನ್ಸನ್, ರಿಚರ್ಡ್ ಡೇವಿಡ್‌ಸನ್ ಮತ್ತು ಸಂಗಡಿಗರು ಉಸಿರೆಣಿಕೆಯನ್ನೇ ಗಮನ ಅಳೆಯುವ ಮಾಪುಗೋಲಾಗಿ ಪರೀಕ್ಷಿಸಿದರು. ಒಂದರಿಂದ ಎಂಟರವರೆಗಿನ ಉಸಿರಿಗೆ ಒಂದು ಬಟನ್, ಒಂಬತ್ತನೆಯದಕ್ಕೆ ಇನ್ನೊಂದು. ಉಸಿರನ್ನು ಬೇರೆ ಉಪಕರಣ ಅಳೆಯುತ್ತಿರುವುದರಿಂದ ಲೆಕ್ಕ ತಪ್ಪಿದರೆ ಮುಚ್ಚಿಡುವಂತಿಲ್ಲ. ಧ್ಯಾನಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದನ್ನು ನಂಬಿಕೊಂಡು ನಡೆದಿದ್ದ ಸಂಶೋಧನೆಗೆ ಹೀಗೊಂದು ಕೊಳಗ ಸಿಕ್ಕಿತು. ಸರಿಯಾಗಿ ಎಣಿಸುವವರಲ್ಲಿ ಮನಸ್ಸಿನ ಅಲೆತ ಕಡಿಮೆಯಿತ್ತು, ಮನಃಸ್ಥಿತಿಯೂ ವಾಸಿಯಿತ್ತು. ಹತ್ತರೊಳಗೇ ನಿಲ್ಲಿಸಬೇಕೆಂದು ಬುದ್ಧಘೋಷ ಹೇಳಿದ್ದರೆ, ಇವರು ಒಂಬತ್ತಕ್ಕೆ ನಿಲ್ಲಿಸಿದರು.

*

ಇಲ್ಲಿ ಒಂದು ಅಡ್ಡಮಾತು, ಆದರೆ ಮೈಲಾಪೂರಿನ ಪಕ್ಕದ ಬೀದಿಯದ್ದೇ.

ಮೈಲಾಪೂರಿಗೆ ಅಂಟಿಕೊಂಡ ಮಂದವೆಳಿಯಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಇದೆ, 1976ರಲ್ಲಿ ಸ್ಥಾಪನೆಯಾದದ್ದು. ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗದ ಸೀಮೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿ, ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರಂಥವರನ್ನು ತಯಾರುಮಾಡಿದವರು. 1950ರ ದಶಕದಲ್ಲಿ ಮದ್ರಾಸಿಗೆ ಬಂದು, ನೂರು ವರ್ಷ ಬಾಳಿ ಇಲ್ಲೇ ತೀರಿಕೊಂಡರು. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರೋಸ್ ಹೊತ್ತೊಯ್ಯಬಹುದಾದ ಇಸಿಜಿ ಯಂತ್ರದೊಡನೆ ಭಾರತಕ್ಕೆ ಬಂದಾಗ ಕೃಷ್ಣಮಾಚಾರ್ಯರನ್ನೂ ಪರೀಕ್ಷಿಸಿದ್ದರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರು ಎಂಬ ಸುದ್ದಿ ಆ ಕಾಲದಲ್ಲಿ ಜಗತ್ತು ಸುತ್ತಿತು.

1961ರಲ್ಲಿ ಎಂ.ಎ. ವೆಂಗರ್, ಬಿ.ಕೆ. ಬಾಗ್ಚಿ ಮತ್ತು ದೆಹಲಿಯ ಬಿ.ಕೆ. ಆನಂದ್ ಈ ಗಂಟು ಬಿಡಿಸಿದರು. ‘ಹೃದಯ ನಿಲ್ಲಿಸುವ’ ಯೋಗಿಗಳು ಆಳವಾಗಿ ಉಸಿರೆಳೆದು, ಗಂಟಲು ಬಿಗಿದು, ಎದೆ ಹೊಟ್ಟೆಯ ಸ್ನಾಯುಗಳನ್ನು ಒತ್ತುತ್ತಿದ್ದರು. ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತಿತ್ತು. ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ, ಸ್ಟೆತಾಸ್ಕೋಪಿಗೆ ಬಡಿತ ಕೇಳುತ್ತಿರಲಿಲ್ಲ. ಇಸಿಜಿಯಲ್ಲಿ ಮಾತ್ರ ಹೃದಯ ತನ್ನ ಕೆಲಸ ಮಾಡುತ್ತಲೇ ಇತ್ತು. ಯಾರೂ ಮೋಸ ಮಾಡಲಿಲ್ಲ. ಸ್ನಾಯುಗಳ ಮೇಲಿನ ಆ ಹಿಡಿತ ಸಾಮಾನ್ಯ ಸಾಧನೆಯೂ ಅಲ್ಲ. ಆದರೆ ಬೆರಳು ಹೇಳಿದ್ದು ಒಂದು, ಇಸಿಜಿ ಹೇಳಿದ್ದು ಇನ್ನೊಂದು.

ಈ ಕಥೆ ನಡುವೆ ತಂದದ್ದಕ್ಕೆ ಕಾರಣವಿದೆ. ನಮ್ಮ ಕಾಲದಲ್ಲಿ ನಿಂತ ಹೃದಯದ ಜಾಗಕ್ಕೆ ಬೆಳೆದ ಮೆದುಳು ಬಂದಿದೆ. ‘ಎಂಟು ವಾರ ಧ್ಯಾನ ಮಾಡಿದರೆ ಮೆದುಳಿನ ಬೂದು ಭಾಗ ದಪ್ಪವಾಗುತ್ತದೆ’ ಎಂಬುದನ್ನು ನೀವು ಓದಿರುತ್ತೀರಿ. 2011ರ ಒಂದು ಸಣ್ಣ ಅಧ್ಯಯನದಿಂದ ಹೊರಟ ಸುದ್ದಿ ಅದು. 2022ರಲ್ಲಿ ವಿಸ್ಕಾನ್ಸಿನ್ನಿನ ಅದೇ ಡೇವಿಡ್‌ಸನ್ ತಂಡ 200ಕ್ಕೂ ಹೆಚ್ಚು ಜನರ ಮೇಲೆ, ಹೆಚ್ಚು ಬಿಗಿಯಾದ ಹೋಲಿಕೆಯೊಡನೆ ನೋಡಿದಾಗ ಎಂಟು ವಾರದ ತರಬೇತಿಯಿಂದ ಮೆದುಳಿನ ರಚನೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಧ್ಯಾನದ ಪರವಾಗಿ ಬಾಳೆಲ್ಲ ದುಡಿದವರೇ ಇದನ್ನು ಪ್ರಕಟಿಸಿದರು ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ. ಮೊದಲ ಸುದ್ದಿ ಮುಖಪುಟಕ್ಕೆ ಬಂದಿತ್ತು, ಎರಡನೆಯದು ಹಾಗೆ ಬಂದದ್ದು ನಾನಂತೂ ನೋಡಲಿಲ್ಲ.

ಉಪಯೋಗವೇ ಇಲ್ಲವೇ ಹಾಗಾದರೆ? ಇದೆ. 2014ರಲ್ಲಿ ಜಾನ್ಸ್ ಹಾಪ್ಕಿನ್ಸಿನ ಮಾಧವ್ ಗೋಯಲ್ ಮತ್ತು ಸಂಗಡಿಗರು 47 ಪ್ರಯೋಗಗಳ, 3,515 ಜನರ ಫಲಿತಾಂಶಗಳನ್ನು ಒಟ್ಟಿಗೆ ತೂಗಿದರು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಸಣ್ಣದರಿಂದ ಮಧ್ಯಮ ಮಟ್ಟದ ಇಳಿಕೆ ಕಂಡಿತು. ವ್ಯಾಯಾಮ, ಔಷಧಿಯಂಥ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಎಂಟು ವಾರದ ಮೈಂಡ್‌ಫುಲ್‌ನೆಸ್ ತರಬೇತಿಯನ್ನು ಆತಂಕಕ್ಕೆ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆಯ ಎದುರು ನಿಲ್ಲಿಸಿದ ಎಲಿಜಬೆತ್ ಹೋಜ್ ತಂಡದ 2022ರ ಪ್ರಯೋಗದಲ್ಲಿ, ತರಬೇತಿ ಮಾತ್ರೆಗಿಂತ ಕಡಿಮೆ ಬೀಳಲಿಲ್ಲ. ಬ್ರಿಟನ್ನಿನಲ್ಲಿ ಸಾವಿರಾರು ಶಾಲಾಮಕ್ಕಳಿಗೆ ಮೈಂಡ್‌ಫುಲ್‌ನೆಸ್ ಕಲಿಸಿ ನೋಡಿದ, ಅದೇ ವರ್ಷ ಪ್ರಕಟವಾದ ಪ್ರಯೋಗದಲ್ಲಿ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಬೇಡವೆಂದವರ ಮೇಲೆ ಹೇರಿದರೆ ಧ್ಯಾನವೂ ಹೋಂವರ್ಕ್ ಆಗುತ್ತದೋ ಏನೋ.

ಕೆಲವರಿಗೆ ಇದು ಒಗ್ಗುವುದೂ ಇಲ್ಲ. ಬ್ರೌನ್ ವಿಶ್ವವಿದ್ಯಾಲಯದ ಜ್ಯಾರೆಡ್ ಲಿಂಡಾಲ್ ಮತ್ತು ವಿಲೊಬಿ ಬ್ರಿಟನ್ 2017ರಲ್ಲಿ 60 ಮಂದಿ ಬೌದ್ಧ ಧ್ಯಾನಿಗಳನ್ನು ಮಾತಾಡಿಸಿ ಬರೆದದ್ದರಲ್ಲಿ ಭಯ, ನಿದ್ರಾಹೀನತೆ, ತಾನು ತಾನಲ್ಲ ಎನಿಸುವ ಕಳವಳ ಎಲ್ಲವೂ ಇವೆ. ದಿನಕ್ಕೆ ಹತ್ತು ನಿಮಿಷ ಎಣಿಸುವವರಿಗೆ ಈ ಅಪಾಯ ಕಡಿಮೆ. ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದವರು, ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಮಾತ್ರ ಹತ್ತು ದಿನದ ಮೌನ ಶಿಬಿರಕ್ಕೆ ಹೆಸರು ಬರೆಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಔಷಧಿಯನ್ನು ತಾವಾಗಿ ನಿಲ್ಲಿಸಲೇಬಾರದು. ಬುದ್ಧಘೋಷನೂ ಎಲ್ಲರಿಗೂ ಒಂದೇ ಕಷಾಯ ಕೊಡಲಿಲ್ಲ. 40 ಬಗೆಯ ಅಭ್ಯಾಸಗಳನ್ನು ಹೇಳಿ, ಮನುಷ್ಯರ ಆರು ಸ್ವಭಾವಗಳನ್ನು ನೋಡಿಕೊಂಡು ಹಂಚಿದ; ಹಂಚುವುದಕ್ಕೆ ಬಲ್ಲ ಗೆಳೆಯನೊಬ್ಬ ಬೇಕು, ಅವನು ಕಲ್ಯಾಣಮಿತ್ರ ಎಂದ. ಉಸಿರಿನ ಅಭ್ಯಾಸವನ್ನು ಅವನು ಗೊತ್ತುಮಾಡಿದ್ದು ಮಂಕು ಕವಿದವರಿಗೆ ಮತ್ತು ವಿಪರೀತ ಯೋಚಿಸುವವರಿಗೆ. ನನಗೆ ಎರಡು ಕಡೆಯೂ ಸೀಟಿದೆ.

*

ಮದ್ರಾಸಿನಲ್ಲಿ ಬುದ್ಧ ಮತ್ತೆ ಎದ್ದು ಕೂತದ್ದು ಒಳಗಿನ ಶಾಂತಿಗಾಗಿ ಅಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಮೈಲಾಪೂರಿನ ಮಗ್ಗುಲಿನ ರಾಯಪೇಟೆಯಲ್ಲಿ ಸಿದ್ಧವೈದ್ಯರಾಗಿದ್ದ ಅಯೋತಿ ದಾಸ ಪಂಡಿತರು 1898ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟರ ನೆರವಿನಿಂದ ಸಿಂಹಳಕ್ಕೆ ಹೋಗಿ ಬೌದ್ಧರಾದರು, ಮರಳಿ ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ಪತ್ರಿಕೆ ಶುರುವಾಯಿತು. ಅಸ್ಪೃಶ್ಯರೆಂದು ಹೊರಗಿಟ್ಟವರು ಮೂಲದಲ್ಲಿ ಬೌದ್ಧರು ಎಂಬುದು ಅವರ ವಾದ. ಸಂಘದ ಶಾಖೆ ನಮ್ಮ ಕೋಲಾರದ ಚಿನ್ನದ ಗಣಿಯ ಮಾರಿಕುಪ್ಪಂಗೂ ಬಂತು. ಭೂಮಿಯಡಿಯ ಕಾವಿನಲ್ಲಿ ಕಲ್ಲು ಒಡೆದು ಬಂದ ಕಾರ್ಮಿಕರು ಸಂಜೆ ಬುದ್ಧನ ಮಾತು ಕೇಳಲು ಕೂರುತ್ತಿದ್ದರು. ಪಂಡಿತರ ಪುಸ್ತಕಗಳು ಅಲ್ಲಿಂದ ಅಚ್ಚಾದವು. ಅದೇ ವಲಯದ ಪಿ. ಲಕ್ಷ್ಮೀ ನರಸು ಮದ್ರಾಸಿನಲ್ಲಿ ವಿಜ್ಞಾನದ ಪ್ರಾಧ್ಯಾಪಕರು. ವಿವೇಚನೆಗೆ ನಿಲ್ಲುವ ಧರ್ಮವಾಗಿ ಬೌದ್ಧಮತವನ್ನು ವಿವರಿಸುವ ಅವರ ಇಂಗ್ಲಿಷ್ ಪುಸ್ತಕ 1907ರಲ್ಲಿ ಬಂತು. 1948ರಲ್ಲಿ ಅದರ ಮರುಮುದ್ರಣಕ್ಕೆ ಮುನ್ನುಡಿ ಬರೆದವರು ಡಾ. ಅಂಬೇಡ್ಕರ್.

ಈ ಜನ ಬುದ್ಧನಲ್ಲಿ ಹುಡುಕಿದ್ದು ಮರ್ಯಾದೆಯನ್ನು. ಒತ್ತಡ ತಗ್ಗಿಸುವ ಉಪಾಯವಾಗಿ ಬುದ್ಧನನ್ನು ಮಾರುವ ಇಂದಿನ ಜಾಹೀರಾತು ನೋಡಿದ್ದರೆ ಲಕ್ಷ್ಮೀ ನರಸು ಏನೆನ್ನುತ್ತಿದ್ದರೋ. ಕೆಲಸದ ಹೊತ್ತು ಕಡಿಮೆಮಾಡದ ಕಂಪನಿ ನೌಕರರಿಗೆ ಉಸಿರೆಣಿಸಲು ಹೇಳಿಕೊಟ್ಟರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಹತ್ತರವರೆಗೆ ಎಣಿಸಿ ಕರಗಿಸುವ ಇಷ್ಟವೂ ನನಗಿಲ್ಲ.

ಆದರೂ ಎಣಿಸುತ್ತೇನೆ. ಬುದ್ಧಘೋಷನ ಇನ್ನೊಂದು ಹೋಲಿಕೆ ಈಚೆಗೆ ಹೆಚ್ಚು ಕೆಲಸಕ್ಕೆ ಬರುತ್ತಿದೆ: ಊರ ಬಾಗಿಲ ಕಾವಲುಗಾರ. ಊರೊಳಗಿರುವವರನ್ನೂ ಹೊರಗಿರುವವರನ್ನೂ ಅವನು ವಿಚಾರಿಸುವುದಿಲ್ಲ, ಬಾಗಿಲಿಗೆ ಬಂದವರನ್ನು ಮಾತ್ರ ನೋಡುತ್ತಾನೆ. ಹಾಗೆಯೇ ಒಳಗೆ ಹೋದ ಉಸಿರಿನ ಹಿಂದೆ ಹೊಟ್ಟೆಗೆ ಇಳಿಯುವುದು ಬೇಡ, ಹೊರಗೆ ಹೋದದ್ದರ ಹಿಂದೆ ಬೀದಿಗೆ ಇಳಿಯುವುದೂ ಬೇಡ. ಪಂಗುನಿ ಉತ್ಸವದ ಅರುವತ್ತಮೂವರ್ ಮೆರವಣಿಗೆಯ ದಿನ ಕಪಾಲೀಶ್ವರನ ಗೋಪುರದ ಕೆಳಗೆ ನಿಂತಿದ್ದ ಪೊಲೀಸಿನವನನ್ನು ನೋಡಿ ಇದು ಹೊಳೆಯಿತು. ಲಕ್ಷಾಂತರ ಜನರಲ್ಲಿ ಅವನಿಗೆ ಬೇಕಿದ್ದದ್ದು ಹೊಸಿಲ ಮೇಲಿನ ಒಬ್ಬ.

ಆ ಬೆಳಗ್ಗೆ ಕೊಳದ ಬದಿಯಿಂದ ಎದ್ದಾಗ ಆರೂಕಾಲು. ಎಚ್ಚರ ತಪ್ಪದೆ ಒಂದು ಸಲವೂ ಹತ್ತು ಮುಟ್ಟಿರಲಿಲ್ಲ. ಏಳು ಎರಡು ಸಲ ಆಗಿತ್ತು. ಮಾಡ ಬೀದಿಯ ಅಂಚಿನಲ್ಲಿ ಗೋಣಿ ಹಾಸಿಕೊಂಡು ಕೂತ ಹೆಂಗಸೊಬ್ಬಳು ಹಸಿ ಕಡಲೇಕಾಯಿಯನ್ನು ಪಡಿಯಲ್ಲಿ ಅಳೆದು ಗಿರಾಕಿಯ ಚೀಲಕ್ಕೆ ಹಾಕುತ್ತಿದ್ದಳು. ‘ಲಾಬಂ, ಲಾಬಂ, ಲಾಬಂ’ ಎನ್ನುತ್ತಿದ್ದಳು. ತಮಿಳಿನಲ್ಲೂ ಹಾಗೇ ಎಂದು ನನಗೆ ಗೊತ್ತಾದದ್ದು ಆಗಲೇ. ‘ರೆಂಡು, ರೆಂಡು... ಮೂಣು...’ ಅಷ್ಟರಲ್ಲಿ ನಾನು ಹತ್ತಿರ ಹೋಗಿ ಪಡಿಗೆ ಎಷ್ಟಮ್ಮಾ ಎಂದುಬಿಟ್ಟೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಕೈಯಲ್ಲಿದ್ದ ಪಡಿಯನ್ನು ನೋಡಿದಳು. ಚೀಲವನ್ನು ಗೋಣಿಯ ಮೇಲೆ ಬೋರಲು ಹಾಕಿ, ಪಡಿ ತುಂಬಿಸಿ, ‘ಲಾಬಂ’ ಎಂದಳು.